ಪುಟ್ಟ ಹಡಗಿಗೆ ಯಾವ ಬಣ್ಣ?

ಕಂಟೇನರ್ ಹಡಗಿನ ಮಾದರಿಯೊಂದನ್ನು ಮಾಡಿ ಮುಗಿಸಿದವರಿಗೆ ಕಡೆಯಲ್ಲಿ ಎದುರಾಗುವ ಪ್ರಶ್ನೆ ಬಣ್ಣದ್ದು. ಉತ್ತರ ಸುಲಭವೆಂದೇ ತೋರುತ್ತದೆ. ಡೆನ್ಮಾರ್ಕಿನ ಮಾರ್ಸ್ಕ್ ಸಂಸ್ಥೆಯ ಹಡಗುಗಳ ಒಡಲು ತಿಳಿನೀಲಿ; ತೈವಾನಿನ ಎವರ್‌ಗ್ರೀನ್ ಸಂಸ್ಥೆಯವು ಹಸಿರು. ನೀರಿನಲ್ಲಿ ಮುಳುಗಿರುವ ಭಾಗ ಬಹುಮಟ್ಟಿಗೆ ಕೆಂಪು. ಕಡಲಜೀವಿಗಳು ಅಂಟದಂತೆ ಅಲ್ಲಿ ಬಳಿಯುವ ಲೇಪದಲ್ಲಿ ಕೆಂಪುಬಣ್ಣದ ತಾಮ್ರದ ಆಕ್ಸೈಡ್ ಇರುವುದುಂಟು. ಹಾಗಾದರೆ ಹಡಗಿನ ಬಣ್ಣವನ್ನೇ ತಂದು ಮಾದರಿಗೂ ಬಳಿದರಾಯಿತಲ್ಲವೆ?

ಬಳಿದು ನೋಡಿದರೆ ಹಡಗು ಆಟಿಕೆಯಂತೆ ಕಾಣುತ್ತದೆ. ಕಾರಣವಿಷ್ಟು: 2006ರಲ್ಲಿ ನೀರಿಗಿಳಿದ ‘ಎಮ್ಮಾ ಮಾರ್ಸ್ಕ್’ ಹಡಗಿನ ಉದ್ದ ಸುಮಾರು 397 ಮೀಟರು. ಅದನ್ನು 700ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 57 ಸೆಂಟಿಮೀಟರಾಗುತ್ತದೆ. ಆ ಮಾದರಿಯನ್ನು ಒಂದು ಮೀಟರು ದೂರದಿಂದ ನೋಡುವುದು, ನಿಜವಾದ ಹಡಗನ್ನು 700 ಮೀಟರು ದೂರದಿಂದ ನೋಡಿದಂತೆ. ನಡುವಿನ ಗಾಳಿ, ಮಂಜು, ಬೆಳಕು ಎಲ್ಲವೂ ಬಣ್ಣವನ್ನು ಮಾಸಿಸುತ್ತವೆ. ಅದಕ್ಕೆಂದೇ ಅನುಭವಿಗಳು ತುಸು ಬಿಳಿಯನ್ನೋ ಬೂದುಬಣ್ಣವನ್ನೋ ಬೆರೆಸುತ್ತಾರೆ. ಅಚ್ಚಕಪ್ಪನ್ನು ಬಳಸದೆ ಬೂದುಗಪ್ಪನ್ನು ಬಳಸುತ್ತಾರೆ.

ಮೂಲದ ಬಣ್ಣವನ್ನು ಬದಲಿಸುವುದು ಸುಳ್ಳಲ್ಲವೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಮಾದರಿಯಿರುವುದು ಕಣ್ಣಿಗಾಗಿ. ಕಡಲತಡಿಯಲ್ಲಿ ನಿಂತವನ ಕಣ್ಣು ಕಂಡ ದೂರವನ್ನೂ ಬಣ್ಣದಲ್ಲಿ ಕಲಸಿದಾಗಲೇ ಮೇಜಿನ ಮೇಲಿನ ಹಡಗಿನ ಸುತ್ತ ಸಮುದ್ರ ಮೂಡುತ್ತದೆ.