ಪ್ಲಾಟಿನಂ ಮೇಲಿನ ಹಳ್ಳಗಳ ಲೆಕ್ಕ

ಇರುವ ಯಂತ್ರಗಳಿಗೆ ಯಾವ ಯಾವ ಕೆಲಸ ಹಂಚಿದರೆ ಹೆಚ್ಚು ಸರಕು ಹೊರಬರುತ್ತದೆ? ಪ್ಲೈವುಡ್ ಉದ್ಯಮದವರ ಈ ಪ್ರಶ್ನೆಯಿಂದ ಹೊರಟು, ಲೆನಿನ್‌ಗ್ರಾಡಿನ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಅಡಿಪಾಯ ಹಾಕಿದರು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಅಂಥ ಲೆಕ್ಕಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ರೂಪಿಸಿದರು. ಆದರೆ ಕೆಲವು ತೀರ್ಮಾನಗಳನ್ನು ಅರ್ಧಂಬರ್ಧ ಮಾಡಲಾಗದು. ಉತ್ತರ ಹೌದು ಇಲ್ಲವೇ ಅಲ್ಲ. ಅಂಥವಕ್ಕೆ 1960ರಲ್ಲಿ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ದಾರಿ ತೋರಿದರು. ಸಾಧ್ಯತೆಗಳನ್ನು ಕವಲು ಕವಲಾಗಿ ಒಡೆಯಬೇಕು. ಒಂದು ಕವಲು ಕೊಡಬಹುದಾದ ಅತ್ಯುತ್ತಮ ಫಲವೂ ಕೈಲಿರುವ ಉತ್ತರವನ್ನು ಮೀರದಿದ್ದರೆ, ಒಳಹೊಕ್ಕು ನೋಡದೆಯೇ ಅದನ್ನು ಕಡಿದುಹಾಕಬೇಕು. ಈ ಕಡಿಯುವಿಕೆಯೇ ಮುಂದೆ ಪರಮಾಣುಗಳ ಲೋಕಕ್ಕೂ ಬಂತು. ನನ್ನ ದೃಷ್ಟಿಯಲ್ಲಿ, ಅದರ ದೊಡ್ಡ ಕೊಡುಗೆ ಹೊಸ ವಿನ್ಯಾಸಗಳಿಗಿಂತ ಹೆಚ್ಚಾಗಿ 'ಇದಕ್ಕಿಂತ ಉತ್ತಮವಾದದ್ದು ಇಲ್ಲ' ಎನ್ನುವ ಖಾತರಿ.

ವೇಗವರ್ಧಕ ಲೋಹದ ಮೇಲ್ಮೈಯ ಎಲ್ಲ ಜಾಗಗಳೂ ಸಮನಾಗಿ ದುಡಿಯುವುದಿಲ್ಲ ಎಂದು ರಸಾಯನಶಾಸ್ತ್ರಜ್ಞ ಹ್ಯೂ ಟೇಲರ್ 1925ರಲ್ಲೇ ವಾದಿಸಿದ್ದರು. ದುಡಿಯುವ ಜಾಗವನ್ನು ಗುರುತಿಸುವುದು ಹೇಗೆ? ಪ್ಲಾಟಿನಂನ ಒಡಲಲ್ಲಿರುವ ಪ್ರತಿ ಪರಮಾಣುವಿಗೆ 12 ನೆರೆಯವರು. ಒತ್ತಾಗಿ ಜೋಡಿಸಿದ ಸಮತಟ್ಟು ಮೇಲ್ಮೈಯಲ್ಲಿ 9. ನೆರೆಯವರ ನೆರೆಯವರನ್ನೂ ಎಣಿಸಿದರೆ, ಇಂಧನಕೋಶದಲ್ಲಿ ಆಕ್ಸಿಜನ್ ನೀರಾಗುವ ಕ್ರಿಯೆಗೆ ಯಾವ ಜಾಗ ಹದವಾಗಿದೆ ಎಂದು ಊಹಿಸಬಹುದು ಎಂದು ಸಂಶೋಧಕ ಕಾಯೆ-ವಯೆಹೊ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಸಮತಟ್ಟಿಗಿಂತ ಪುಟ್ಟ ಹಳ್ಳಗಳ ತಳವೇ ಮೇಲು. ಪ್ರಯೋಗವೂ ಇದನ್ನೇ ಹೇಳಿತು. ಹೀಗೆ ರಸಾಯನದ ಪ್ರಶ್ನೆ ಎಣಿಕೆಯ ಪ್ರಶ್ನೆಯಾಯಿತು: ಈ ಜಾಗದಲ್ಲಿ ಪರಮಾಣು ಇರಬೇಕೇ, ಬೇಡವೇ? ಬರೀ 100 ಜಾಗಗಳಿದ್ದರೂ ಸಾಧ್ಯತೆಗಳ ಸಂಖ್ಯೆಗೆ 31 ಅಂಕಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹ್ಯಾನ್ಸಲ್‌ಮನ್ ಮತ್ತು ಗೌನಾರಿಸ್ 2016ರಲ್ಲಿ ಇಂಥ ಮೇಲ್ಮೈ ವಿನ್ಯಾಸವನ್ನು ಹೌದು-ಅಲ್ಲಗಳ ಸಮೀಕರಣಗಳಾಗಿ ಬರೆದರು. ಮುಂದೆ ಇಂಥ ವಿನ್ಯಾಸಕ್ಕೆಂದೇ ಮ್ಯಾಟ್‌ಆಪ್ಟ್ ಎಂಬ ಪೈಥಾನ್ ತಂತ್ರಾಂಶವೂ ಬಂತು.

ನೆರೆಯವರ ಎಣಿಕೆ ಇಡೀ ರಸಾಯನವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಖಾತರಿ ಸಿಗುವುದು ಬರೆದಿಟ್ಟ ಮಾದರಿಗೆ, ಲೋಹಕ್ಕಲ್ಲ. ಆದರೂ ಅದರಿಂದ ಒಂದು ಗೊಂದಲ ಬಗೆಹರಿಯುತ್ತದೆ. ಮನಬಂದಂತೆ ಹುಡುಕಿದ ವಿನ್ಯಾಸ ಸೋತರೆ, ತಪ್ಪು ಹುಡುಕಾಟದ್ದೋ ಮಾದರಿಯದ್ದೋ ತಿಳಿಯದು. ಹುಡುಕಾಟ ಪೂರ್ಣವೆಂದು ಸಾಬೀತಾಗಿದ್ದರೆ ತಿದ್ದಬೇಕಾದದ್ದು ಮಾದರಿಯನ್ನೇ. ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ಇಂಥ ಲೋಹ ತಯಾರಿಸುವವರು ಯಾರು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹಾಗೆ ಜೋಡಿಸುವುದು ಕಾರ್ಖಾನೆಯಲ್ಲಿ ಆಗದ ಮಾತು. ಆದರೆ ಮೇಲ್ಮೈ ಕುಸಿಯದೆ ನಿಲ್ಲಬೇಕೆಂಬ ಷರತ್ತನ್ನೂ ಸಮೀಕರಣಕ್ಕೆ ಸೇರಿಸಬಹುದು. ಆಗ ಹೊರಬರುವ ಗರಿಷ್ಠ ಮಿತಿಯನ್ನು ಇಂದಿನ ಸಮತಟ್ಟು ಪ್ಲಾಟಿನಂ ಪಕ್ಕದಲ್ಲಿಟ್ಟು ನೋಡಿದರೆ, ಹಳ್ಳ ಕೊರೆಯುವ ಶ್ರಮಕ್ಕೆ ಎಷ್ಟು ಫಲ ಉಳಿದಿದೆ ಎಂದು ಆ ದುಬಾರಿ ಲೋಹವನ್ನು ಮುಟ್ಟುವ ಮೊದಲೇ ಅಂದಾಜಾಗುತ್ತದೆ.