ಹಳೇ ಟ್ರ್ಯಾಕ್ಟರಿನ ಬಿಡಿಭಾಗ



ಸಂಘದ ಎಚ್.ಎಂ.ಟಿ. ಟ್ರ್ಯಾಕ್ಟರನ್ನು ಗುಜರಿಗೆ ಹಾಕಿಬಿಡಿ ಅಂತ ಕೆಲವರು ಹೇಳ್ತಿದ್ದಾರೆ. ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಬಿಡಿಭಾಗ ಸಿಗೋದು ಕಷ್ಟ, ನಿಜ. ಆದರೆ ಎರಡೆಕರೆ ರೈತರು ಉಳುಮೆಗೆ ನೆಚ್ಚಿಕೊಂಡಿರುವುದು ಇದನ್ನೇ. ಹೊಸದನ್ನು ತಂದು, ಅದರ ಸಾಲದ ಕಂತಿಗಾಗಿ ಬಾಡಿಗೆ ಏರಿಸಿದರೆ ಅವರು ಎಲ್ಲಿಗೆ ಹೋಗಬೇಕು?

ಎಲ್ಲಾ ಭಾಗವೂ ಕಂಪನಿಯದೇ ಆಗಬೇಕಿಲ್ಲ. ಬೇರಿಂಗಿನ ಮೇಲೆ ನಂಬರು ಇರುತ್ತದೆ. 6205 ಅಂದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್. ಯಾರು ತಯಾರಿಸಿದರೂ ಅಳತೆ ಅದೇ. ಆಯಿಲ್ ಸೀಲಿನ ಮೇಲೂ ಸಾಮಾನ್ಯವಾಗಿ ಹೀಗೇ ಮೂರು ಅಳತೆ ಬರೆದಿರುತ್ತಾರೆ. ಬೇರಿಂಗ್ ಅಂಗಡಿಯಲ್ಲಿ ನಂಬರು ಹೇಳಿದರೆ ಸಾಕು, ಟ್ರ್ಯಾಕ್ಟರಿನ ಹೆಸರು ಎತ್ತೋದೇ ಬೇಡ. (ಹಳೇ ಗಾಡಿ ಅಂತ ಗೊತ್ತಾದರೆ ರೇಟು ಏರುತ್ತೆ ನೋಡಿ!)

ಗೇರಿನ ಕಥೆ ಬೇರೆ. ಹಲ್ಲು ಎಣಿಸಿ, ಪಕ್ಕದಲ್ಲಿಟ್ಟು ಹೋಲಿಸಿಯೇ ತರಬೇಕು. ಸವೆದ ಗೇರನ್ನು ಗೋಣಿಚೀಲದಲ್ಲಿ ಹೊತ್ತು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲಾ ಸುತ್ತಿ ಬಂದಿದ್ದೇವೆ, ಇನ್ನೂ ಸಿಕ್ಕಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಹಿತ್ತಲಲ್ಲೋ, ನೆಂಟರ ಊರಲ್ಲೋ ಇದೇ ಮಾದರಿಯ ಕೆಟ್ಟುನಿಂತ ಗಾಡಿ ಇದ್ದರೆ ತೂಕಕ್ಕೆ ಮಾರಬೇಡಿ, ಸಂಘಕ್ಕೆ ತಿಳಿಸಿ. ಗುಜರಿಯವರು ಕೊಡೋದಕ್ಕಿಂತ ಹೆಚ್ಚೇ ಕೊಡುತ್ತೇವೆ. ಮುಂಗಾರಿಗೆ ಮುಂಚೆ ಗೇರುಪೆಟ್ಟಿಗೆ ಬಿಚ್ಚಬೇಕು.