ಹೋಟೆಲಿನ ಗರಿಗರಿ ಸಿಗಡಿ, ಮನೆಯ ಒಲೆಯ ಮೇಲೆ



ಈ ಹೊತ್ತು ನಾನು ಬೀಜ-ಗೊಬ್ಬರದ ಮಾತು ಹೇಳಲಿಕ್ಕೆ ಬಂದಿಲ್ಲ. ಅಡಿಗೆಮನೆಯ ಮಾತು ಹೇಳಲಿಕ್ಕೆ ಬಂದಿದ್ದೇನೆ. ಅದೂ ಚೀನೀ ಹೋಟೆಲಿನಲ್ಲಿ ಸಿಗುವ ಗರಿಗರಿಯಾದ ಸಿಗಡಿಯ ಮಾತು. "ಇದೇನ್ರಿ, ಸಮುದ್ರ ಎಲ್ಲಿ, ನಮ್ಮ ಮುಶಿಗೇರಿ ಎಲ್ಲಿ?" ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನಕ್ಕಾದ ಮೇಲೆ ಸ್ವಲ್ಪ ಕೇಳಿರಿ.

ಮುಶಿಗೇರಿಯ ಒಬ್ಬ ತಾಯಿಯ ಮಗ ಗೋವೆಯ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುತ್ತಾನೆ. ನಮ್ಮ ಸೀಮೆಯ ಎಷ್ಟೋ ಹುಡುಗರು ಮಳೆ ಕೈಕೊಟ್ಟ ವರ್ಷ ಹೀಗೆ ದುಡಿಯಲಿಕ್ಕೆ ಹೋದವರೇ. ಜಾತ್ರೆಗೆ ಊರಿಗೆ ಬಂದಾಗ ಅವನು ಬರ್ಫದ ಡಬ್ಬಿಯಲ್ಲಿ ಒಂದು ಕಿಲೋ ಸಿಗಡಿ ತಂದಿದ್ದ. "ಅವ್ವಾ, ನಾನು ದಿನಾ ಮಂದಿಗೆ ಮಾಡಿ ಹಾಕತೇನಿ, ಒಂದು ಸಲ ನಿನಗ ಮಾಡಿ ಹಾಕತೇನಿ" ಎಂದ. ಜಾತ್ರೆ ಮುಗಿದ ಮೂರನೆಯ ದಿನ ಮಾಡಿದ. ಆದರೆ ತಾಟಿಗೆ ಬಂದದ್ದೇನು? ಹಿಟ್ಟು ಬೇರೆ, ಸಿಗಡಿ ಬೇರೆ. ಮೇಲೆ ಮೆತ್ತಗೆ, ಒಳಗೆ ರಬ್ಬರು. ಅವ್ವ ಏನೂ ಅನ್ನದೆ ತಿಂದಳು. ಹುಡುಗನಿಗೆ ಮಾತ್ರ ನಾಚಿಕೆಯಾಯಿತು. "ಅಲ್ಲಿ ಬರೋದು ಇಲ್ಲಿ ಯಾಕ ಬರಲಿಲ್ಲ?" ಎಂದು ನನ್ನನ್ನು ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಇಂದು ನಿಮಗೂ ಹೇಳುತ್ತೇನೆ.

ಹೋಟೆಲಿನ ಒಲೆಯ ಉರಿ ದೊಡ್ಡದು, ಕಡಾಯಿ ದೊಡ್ಡದು, ಎಣ್ಣೆ ಹೆಚ್ಚು. ಅಲ್ಲಿ ಒಂದು ಜಾಲರಿ ತುಂಬ ಸಿಗಡಿ ಬಿಟ್ಟರೂ ಎಣ್ಣೆಯ ಕಾವು ಬೇಗ ಇಳಿಯುವುದಿಲ್ಲ. ನಮ್ಮ ಮನೆಯ ಕಡಾಯಿಯಲ್ಲಿ ಇರುವುದು ಒಂದು ಲೀಟರು ಎಣ್ಣೆ. ಅದರೊಳಗೆ ತಣ್ಣನೆಯ ಸಿಗಡಿಯನ್ನು ಬೊಗಸೆ ಬೊಗಸೆ ಸುರಿದರೆ ಕಾವು ಥಟ್ಟನೆ ಇಳಿಯುತ್ತದೆ. ಆಗ ಅದು ಕರಿಯುವುದಿಲ್ಲ, ಎಣ್ಣೆಯಲ್ಲಿ ಕುದಿಯುತ್ತದೆ. ಹುಡುಗನ ಕೈಯಲ್ಲಿ ದೋಷವಿರಲಿಲ್ಲ. ಹೋಟೆಲಿನ ಅಳತೆಯನ್ನು ಮನೆಯ ಒಲೆಗೆ ತಂದದ್ದೇ ದೋಷ.

ಇನ್ನೊಂದು ಮಾತು. ಗರಿಗರಿ ಎಂಬುದು ಯಾವ ಪುಡಿಯಲ್ಲಿಯೂ ಇಲ್ಲ, ನೀರು ಹೋಗುವುದರಲ್ಲಿ ಇದೆ. ಇದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಸಂಡಿಗೆಯನ್ನು ಬಿಸಿಲಿನಲ್ಲಿ ಒಣಗಿಸದೆ ಎಣ್ಣೆಗೆ ಬಿಟ್ಟರೆ ಅರಳೀತೇ? ಹಪ್ಪಳಕ್ಕೆ ಥಂಡಿ ತಗುಲಿದರೆ ಸದ್ದು ಬಂದೀತೇ? ಎಣ್ಣೆಗೆ ಬಿಟ್ಟ ಕೂಡಲೆ ಏಳುವ ಗುಳ್ಳೆಗಳೆಲ್ಲ ನೀರಿನ ಉಗಿ. ಮೇಲ್ಮೈಯ ನೀರು ಉಗಿಯಾಗಿ ಹೋದ ಜಾಗದಲ್ಲಿ ಹಿಟ್ಟು ಸಣ್ಣ ಸಣ್ಣ ತೂತು ಬಿದ್ದು ಗಟ್ಟಿಯಾಗುತ್ತದೆ. ಹಲ್ಲಿಗೆ ಕುರುಕುರು ಎನ್ನುವುದು ಅದೇ. ಇನ್ನು ಕೆಲಸಕ್ಕೆ ಬರೋಣ.

ಮೊದಲು ಸಿಗಡಿ ಕೊಳ್ಳುವ ಮಾತು. ಕಾರವಾರದ ಕಡಲಿನಿಂದ ಹುಬ್ಬಳ್ಳಿ, ಗದಗ ದಾಟಿ ನಮ್ಮ ಕಡೆಗೆ ಬರಬೇಕಾದರೆ ಇನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಆದ್ದರಿಂದ ಬರ್ಫದಲ್ಲಿ ಹೂತಿಟ್ಟದ್ದನ್ನೇ ತೆಗೆದುಕೊಳ್ಳಿರಿ. ಬಿಸಿಲಿಗೆ ತೆರೆದಿಟ್ಟದ್ದು ಬೇಡವೇ ಬೇಡ. ಮೂಗಿಗೆ ಹಿಡಿದು ನೋಡಿರಿ: ಉಪ್ಪುನೀರಿನ ವಾಸನೆ ಇದ್ದರೆ ಒಳ್ಳೆಯದು, ಕೊಟ್ಟಿಗೆಯ ಗಂಜಲದಂಥ ಘಾಟು ಹೊಡೆದರೆ ಕೆಟ್ಟಿದೆ. ಸಿಪ್ಪೆ ಮಾಂಸಕ್ಕೆ ಬಿಗಿಯಾಗಿ ಅಂಟಿರಬೇಕು. ಬೆರಳಿನಿಂದ ಒತ್ತಿದರೆ ಮೆತ್ತಗಾಗಿ ಕುಸಿಯಬಾರದು. ಪೇಟೆಯ ಅಂಗಡಿಯಲ್ಲಿ ಚೀಲದಲ್ಲಿ ಗಡ್ಡೆಗಟ್ಟಿಸಿದ ಸಿಗಡಿಯೂ ಸಿಗುತ್ತದೆ. ಅದು ನಮ್ಮಂಥ ದೂರದ ಊರಿಗೆ ಕೆಲವು ಸಲ ಹೆಚ್ಚು ನಂಬಿಗೆಯದು. ಆದರೆ ಅದನ್ನು ಬಿಸಿನೀರಿಗೆ ಹಾಕಿ ಕರಗಿಸಬೇಡಿರಿ. ಚೀಲದ ಬಾಯಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿಡಿರಿ. ಒಮ್ಮೆ ಕರಗಿದ್ದನ್ನು ತಿರುಗಿ ಗಡ್ಡೆಗಟ್ಟಿಸಲಿಕ್ಕೆ ಇಡಬೇಡಿರಿ.

ಅರ್ಧ ಕಿಲೋ ಸುಲಿದ ಸಿಗಡಿಯ ಲೆಕ್ಕ ಹೇಳುತ್ತೇನೆ. ತಲೆ, ಸಿಪ್ಪೆ ತೆಗೆಯಿರಿ. ಬೆನ್ನಿನ ಮೇಲೆ ಚಾಕುವಿನಿಂದ ಸಣ್ಣಗೆ ಗೀರಿ ಒಳಗಿನ ಕಪ್ಪು ನರವನ್ನು ಎಳೆದು ಹಾಕಿರಿ. ತೊಳೆದ ಮೇಲೆ ಅರ್ಧ ಸಣ್ಣ ಚಮಚ ಉಪ್ಪು, ಕಾಲು ಸಣ್ಣ ಚಮಚ ಅಡಿಗೆ ಸೋಡಾ ಹಚ್ಚಿ ತಣ್ಣನೆಯ ಜಾಗದಲ್ಲಿ ಇಪ್ಪತ್ತು ನಿಮಿಷ ಇಡಿರಿ. ಚೀನೀ ಅಡಿಗೆಯವರ ಹಳೆಯ ಉಪಾಯವಿದು: ಸೋಡಾದಿಂದ ಮಾಂಸವು ಬೆಂದಾಗ ಮುದುಡಿ ಬಿರುಸಾಗುವುದು ಕಡಿಮೆಯಾಗುತ್ತದೆ. ಆದರೆ ಕಾಲು ಚಮಚಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬಂದೀತು, ಎಚ್ಚರ.

ಆಮೇಲಿನ ಕೆಲಸವೇ ಮುಖ್ಯ. ಒಂದು ಒಣ ಅರಿವೆಯ ಮೇಲೆ ಸಿಗಡಿಯನ್ನು ಹರಡಿ, ಮೇಲೊಂದು ಅರಿವೆ ಹೊದಿಸಿ, ಒತ್ತಿ ಒತ್ತಿ ನೀರು ಹೀರಿಸಿರಿ. ಕೈಗೆ ತೇವ ಹತ್ತದಷ್ಟು ಒರೆಸಬೇಕು. ಅವಸರ ಮಾಡುವವರು ಈ ಒಂದು ಕೆಲಸವನ್ನೇ ಬಿಡುತ್ತಾರೆ, ಆಮೇಲೆ ಹಿಟ್ಟಿಗೆ ಬೈಯುತ್ತಾರೆ.

ಒರೆಸಿದ ಸಿಗಡಿಗೆ ಒಂದು ತತ್ತಿಯ ಬಿಳಿಭಾಗ, ಒಂದು ಚಮಚ ಅರೆದ ಬಳ್ಳೊಳ್ಳಿ-ಹಸಿಶುಂಠಿ, ಚಿಟಿಕೆ ಕರಿಮೆಣಸಿನ ಪುಡಿ ಹಚ್ಚಿರಿ. ಈಗ ಹಿಟ್ಟು. ಮುಕ್ಕಾಲು ಬಟ್ಟಲು ಗೋವಿನಜೋಳದ ಪಿಷ್ಟ, ಎರಡು ದೊಡ್ಡ ಚಮಚ ಅಕ್ಕಿಹಿಟ್ಟು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ಹೊಲದ ಗೋವಿನಜೋಳವನ್ನು ಗಿರಣಿಗೆ ಒಯ್ದು ಬೀಸಿಸಿದರೆ ಬರುವ ಹಳದಿ ಹಿಟ್ಟು ಬೇರೆ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ಬಿಳಿಯ ಪುಡಿ ಬೇರೆ. ಕಾರಖಾನೆಯಲ್ಲಿ ಕಾಳನ್ನು ನೆನೆಯಿಟ್ಟು ಅರೆದು, ಹೊಟ್ಟು, ಮೊಳಕೆಯ ಭಾಗ, ಪ್ರೋಟೀನು ಎಲ್ಲವನ್ನೂ ಬೇರೆ ಮಾಡಿ ಉಳಿದ ಪಿಷ್ಟವನ್ನು ಒಣಗಿಸಿದರೆ ಈ ಬಿಳಿ ಪುಡಿ ಆಗುತ್ತದೆ. ಎರಡು ಬೆರಳಿನ ನಡುವೆ ಒತ್ತಿದರೆ ಕಿರ್ ಎನ್ನುತ್ತದೆ. ನಮಗೆ ಬೇಕಾದುದು ಅದು. ಹಳದಿ ಹಿಟ್ಟಿನಿಂದ ರೊಟ್ಟಿ ಆದೀತು, ಈ ಗರಿಗರಿ ಆಗದು. ಗೋದಿಯ ಮೈದಾ ಹೆಚ್ಚು ಹಾಕಿದರೆ ಭಜಿಯಂತೆ ದಪ್ಪ ಸಿಪ್ಪೆ ಬಂದು ಬೇಗ ಮೆತ್ತಗಾಗುತ್ತದೆ.

ಹಿಟ್ಟನ್ನು ನೀರು ಹಾಕಿ ಕಲಸಬೇಡಿರಿ. ಒಣ ಹಿಟ್ಟಿನಲ್ಲಿಯೇ ಸಿಗಡಿಯನ್ನು ಹೊರಳಿಸಿ, ಹೆಚ್ಚಿನದನ್ನು ಕೊಡವಿ, ತಾಟಿನಲ್ಲಿ ಬಿಡಿಬಿಡಿಯಾಗಿ ಐದು ನಿಮಿಷ ಇಡಿರಿ. ಹಿಟ್ಟು ತುಸು ಹಸಿ ಹಿಡಿದು ಮೈಗೆ ಅಂಟಿಕೊಳ್ಳುತ್ತದೆ. ಆ ಹುಡುಗನ ಹಿಟ್ಟು ಬೇರೆ, ಸಿಗಡಿ ಬೇರೆ ಆದದ್ದು ನೀರು ಒರೆಸದೆ ಇದ್ದುದರಿಂದ ಮತ್ತು ಈ ಐದು ನಿಮಿಷ ಕಾಯದೆ ಇದ್ದುದರಿಂದ.

ಆಳವಾದ ಕಡಾಯಿಯಲ್ಲಿ ಶೇಂಗಾ ಎಣ್ಣೆ ಕಾಯಲಿ. ಕಾವು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣಮಾಪಕ ಇಲ್ಲದವರು ಹಿಟ್ಟಿನ ಒಂದು ಸಣ್ಣ ಗುಳಿಗೆ ಬಿಟ್ಟು ನೋಡಿರಿ. ತಳ ಮುಟ್ಟುವ ಮೊದಲೇ ಗುಳ್ಳೆ ಕಟ್ಟಿ ಮೇಲೆದ್ದರೆ ಹದ ಬಂತು. ಕೆಳಗೇ ಕುಳಿತರೆ ಇನ್ನೂ ಕಾಯಬೇಕು. ಎಣ್ಣೆ ಹೊಗೆಯಾಡಿದರೆ ಉರಿ ಇಳಿಸಿರಿ.

ಈಗ ಎಣಿಸಿ ಎಂಟು ಸಿಗಡಿ ಬಿಡಿರಿ. ಒಂಬತ್ತನೆಯದು ಕಾಯಲಿ. ಒಂದೂವರೆಯಿಂದ ಎರಡು ನಿಮಿಷಕ್ಕೆ ತೆಗೆಯಿರಿ. ಸಿಗಡಿ ಬಲು ಬೇಗ ಬೇಯುವ ಪದಾರ್ಥ. ಬಾಗಿ ಕುಡುಗೋಲಿನಂತೆ ಆಗಿ, ಒಳಗೆ ಗಾಜಿನಂತಿದ್ದ ಮಾಂಸ ಬೆಳ್ಳಗಾದರೆ ಬೆಂದಂತೆ. ಪೂರ್ತಿ ಸುರುಳಿ ಸುತ್ತಿಕೊಂಡರೆ ಹೆಚ್ಚು ಬೆಂದಿತು, ರಬ್ಬರಾಯಿತು. ತೆಗೆದದ್ದನ್ನು ಜಾಲರಿಯ ಮೇಲೆ ಅಥವಾ ಬಿದಿರಿನ ಬುಟ್ಟಿಯಲ್ಲಿ ಹರಡಿರಿ. ಒಂದರ ಮೇಲೊಂದು ಹೇರಿ ಮುಚ್ಚಿಟ್ಟರೆ ಒಳಗಿನ ಉಗಿಯೇ ಅದನ್ನು ಮೆತ್ತಗೆ ಮಾಡೀತು.

ಎಲ್ಲ ಮುಗಿದ ಮೇಲೆ ಎಣ್ಣೆಯನ್ನು ಸ್ವಲ್ಪ ಹೆಚ್ಚು ಕಾಯಿಸಿ, ಸುಮಾರು 190 ಡಿಗ್ರಿಗೆ ತಂದು, ಅದೇ ಎಂಟೆಂಟನ್ನೇ ಇನ್ನೊಮ್ಮೆ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಮೊದಲ ಸಲ ಕರಿದದ್ದು ಬೇಯಲಿಕ್ಕೆ, ಎರಡನೆಯ ಸಲ ಕರಿಯುವುದು ಹೊರಗೆ ಬಂದ ತೇವವನ್ನು ಓಡಿಸಲಿಕ್ಕೆ. ಹೋಟೆಲಿನವರ ದೊಡ್ಡ ಗುಟ್ಟು ಎಂದರೆ ಇಷ್ಟೇ.

ಮಸಾಲೆಯನ್ನು ಬೇರೆ ಬೋಗೋಣಿಯಲ್ಲಿ ಮಾಡಿರಿ. ಎರಡು ಚಮಚ ಎಣ್ಣೆಯಲ್ಲಿ ಹೆಚ್ಚಿದ ಬಳ್ಳೊಳ್ಳಿ, ಹಸಿಶುಂಠಿ, ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ ಜೋರು ಉರಿಯಲ್ಲಿ ಹುರಿಯಿರಿ. ನೆನೆಯಿಟ್ಟು ಅರೆದ ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಸೋಯಾ ಸಾಸು, ಒಂದು ಸಣ್ಣ ಚಮಚ ಸಕ್ಕರೆ, ಅಷ್ಟೇ ವಿನೆಗರು. ಸೋಯಾ ಸಾಸಿನಲ್ಲಿಯೇ ಉಪ್ಪು ಬಹಳ. ರುಚಿ ನೋಡದೆ ಉಪ್ಪು ಹಾಕಬೇಡಿರಿ. ಸೌಟಿಗೆ ಅಂಟುವಷ್ಟು ಗಟ್ಟಿಯಾದ ಮೇಲೆ ಉರಿ ಆರಿಸಿರಿ. ತಿನ್ನುವವರು ತಾಟಿನ ಮುಂದೆ ಬಂದು ಕುಳಿತರೇ? ಕುಳಿತ ಮೇಲೆ ಸಿಗಡಿ ಹಾಕಿ ಎರಡು ಸಲ ಹೊರಳಿಸಿ ಬಡಿಸಿರಿ. ತಿನ್ನುವವರು ಕಾಯಬಹುದು, ಸಿಗಡಿ ಕಾಯಲಾರದು.

ಇನ್ನು ಬಣ್ಣದ ಮಾತು. "ಹೋಟೆಲಿನದು ಕೆಂಪಗೆ ಇರ್ತದಲ್ರೀ, ಅದಕ್ಕೇನು ಹಾಕೂದು?" ಎಂದು ಎಲ್ಲರೂ ಕೇಳುತ್ತೀರಿ. ಏನೂ ಹಾಕುವುದು ಬೇಡ. ಸಿಗಡಿಯ ಮೈಯಲ್ಲಿಯೇ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣವಿದೆ. ಹಸಿಯಿದ್ದಾಗ ಅದು ಒಂದು ಪ್ರೋಟೀನಿಗೆ ಅಂಟಿಕೊಂಡು ಬೂದಿಬಣ್ಣವಾಗಿ ಕಾಣುತ್ತದೆ. ಕಾವು ತಾಗಿದೊಡನೆ ಬಿಡಿಸಿಕೊಂಡು ಕೆಂಪಾಗುತ್ತದೆ. ಉಳಿದ ಕೆಂಪಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇಂಥ ಕಾಯಿ ಬೆಳೆಯುವ ಸೀಮೆಯವರು ನಾವು ಪುಡಿಕೆಯ ಬಣ್ಣ ಕೊಳ್ಳುವುದೆಂದರೆ ಏನು ಹೇಳೋಣ!

ಇದು ಬರೀ ಅಭಿಮಾನದ ಮಾತಲ್ಲ. ಹೋಟೆಲಿನ ಚೀನೀ ತಿನಿಸು ನಮ್ಮಲ್ಲಿಗೆ ಬಂದ ದಾರಿ ಉದ್ದವಾದದ್ದು. 18ನೆಯ ಶತಮಾನದ ಕೊನೆಯಿಂದ ಕಲಕತ್ತೆಯ ಸುತ್ತ ನೆಲೆಸಿದ ಚೀನೀ ಮನೆತನಗಳ ಅಡಿಗೆ ನಮ್ಮ ದೇಶದ ಖಾರಕ್ಕೆ ಹೊಂದಿಕೊಂಡಿತು. ಅಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮಂಚೂರಿಯನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಅದು ಹೂಕೋಸಿನ ಮಂಚೂರಿಯಾಗಿ ನಮ್ಮ ಸಂತೆಯ ಗಾಡಿಗೂ ಬಂತು. ಬರುವಾಗ ಅಗ್ಗದ ಬಣ್ಣವನ್ನೂ ತಂದಿತು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯವರು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಆ ವರ್ಷ ಮಾರ್ಚ್ ತಿಂಗಳಲ್ಲಿ ಸರಕಾರ ಅದನ್ನು ನಿಷೇಧಿಸಿತು. ಜೂನ್ ತಿಂಗಳಲ್ಲಿ ಕಬಾಬು, ಮೀನಿನ ತಿನಿಸುಗಳಿಗೂ ಆ ನಿಷೇಧ ಬಂತು. ರೊಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ಮಕ್ಕಳು ಗಾಡಿಯ ಮುಂದೆ ನಿಂತು ಹಟ ಹಿಡಿದರೆ ಬೈಯುವುದಕ್ಕಿಂತ ಮನೆಯಲ್ಲಿ ಮಾಡಿಕೊಡುವುದು ಸುಲಭ.

ಕರಿದ ಎಣ್ಣೆಯ ಬಗೆಗೂ ಜೋಕೆ. ಹಲವು ಸಲ ಕಾದ ಎಣ್ಣೆ ಕೆಡುತ್ತದೆ. ಆ ಕೆಡುಕಿನ ಅಂಶ ನೂರಕ್ಕೆ 25 ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈ 1ರಿಂದ ದೇಶದಲ್ಲಿ ನಿಯಮವಿದೆ. ಮನೆಯಲ್ಲಿ ಅಳೆಯಲಿಕ್ಕೆ ಆಗುವುದಿಲ್ಲ, ಕಣ್ಣೇ ಅಳತೆ: ಕಪ್ಪಾಗಿ, ಜಿಗುಟಾಗಿ, ನೊರೆಯೆದ್ದು, ಬೇಗ ಹೊಗೆಯಾಡಿದರೆ ಚೆಲ್ಲಿರಿ. ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿರಿ. ಆದರೆ ಸಿಗಡಿ ಕರಿದ ಎಣ್ಣೆಯನ್ನು ತಿನ್ನದವರ ಅಡಿಗೆಗೆ ಬಳಸಬೇಡಿರಿ.

ಇನ್ನೊಂದು ಎಚ್ಚರಿಕೆ. ಸಿಗಡಿ ಕೆಲವರ ಮೈಗೆ ಒಗ್ಗುವುದಿಲ್ಲ. ಮೊದಲ ಸಲ ತಿನ್ನುವವರಿಗೆ ಒಂದೇ ಒಂದು ಕೊಟ್ಟು ನೋಡಿರಿ. ಮೈ ತುರಿಸಿ ಗಾದರಿ ಎದ್ದರೆ, ತುಟಿ ಬಾತರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತ ಕೂಡಬೇಡಿರಿ, ತಡಮಾಡದೆ ದವಾಖಾನೆಗೆ ಒಯ್ಯಿರಿ.

ನಮ್ಮ ಕಡೆ ಮಾಂಸ-ಮೀನು ಮುಟ್ಟದ ಮನೆಗಳೇ ಬಹಳ, ನನಗೆ ಗೊತ್ತು. ಅವರಿಗೂ ಈ ಮಾತು ವ್ಯರ್ಥವಲ್ಲ. ಹೂಕೋಸು, ಅಣಬೆ, ಎಳೆಯ ಗೋವಿನಜೋಳದ ತೆನೆ, ಯಾವುದಕ್ಕೂ ಇದೇ ಕ್ರಮ: ತೊಳೆದು ಒರೆಸಿರಿ, ಪಿಷ್ಟದಲ್ಲಿ ಹೊರಳಿಸಿರಿ, ಸ್ವಲ್ಪ ಸ್ವಲ್ಪವೇ ಎರಡು ಸಲ ಕರಿಯಿರಿ. ತತ್ತಿಯ ಬದಲು ಪಿಷ್ಟವನ್ನೇ ತೆಳ್ಳಗೆ ಕಲಸಿ ಹಚ್ಚಿ, ಆಮೇಲೆ ಒಣ ಪಿಷ್ಟದಲ್ಲಿ ಹೊರಳಿಸಿದರೆ ಆಯಿತು. ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲವೂ ರೋಣ-ಗಜೇಂದ್ರಗಡದ ಹೊಲದ ಬೆಳೆಗಳೇ ಅಲ್ಲವೇ? ನೋಡಿದರೆ ಈ ಚೀನೀ ತಿನಿಸಿನಲ್ಲಿ ಸಿಗಡಿ, ಸೋಯಾ ಬಿಟ್ಟರೆ ಬಹಳಷ್ಟು ನಮ್ಮದೇ.

ಆ ಹುಡುಗ ಮುಂದಿನ ದೀಪಾವಳಿಗೆ ಮತ್ತೆ ಬಂದ. ಈ ಸಲ ಅರ್ಧ ಕಿಲೋ ಮಾತ್ರ ತಂದಿದ್ದ. ಅವ್ವನ ಹಳೆಯ ಸೀರೆಯ ತುಂಡಿನಿಂದ ಒರೆಸಿದ, ಎಂಟೆಂಟು ಎಣಿಸಿ ಬಿಟ್ಟ. ಅವ್ವ ಒಲೆಯ ಮುಂದೆಯೇ ಕುಳಿತು ಒಂದನ್ನು ಬಾಯಿಗೆ ಹಾಕಿಕೊಂಡಳು. ಸದ್ದು ಪಡಸಾಲೆಯವರೆಗೆ ಕೇಳಿಸಿತಂತೆ. "ಮಂದಿಗೆ ಇಷ್ಟು ಛಲೋ ಮಾಡಿ ಹಾಕತೀಯೇನೋ?" ಎಂದು ಕೇಳಿದಳಂತೆ.

ನೀವೂ ಮಾಡಿ ನೋಡಿರಿ. ಮೊದಲ ಸಲ ಕೆಟ್ಟರೆ ಎದೆಗುಂದಬೇಡಿರಿ. ನೀರು ಸರಿಯಾಗಿ ಒರೆಸಿದ್ದೆವೋ, ಎಂಟಕ್ಕಿಂತ ಹೆಚ್ಚು ಬಿಟ್ಟೆವೋ ಎಂದು ನೆನೆದು ನೋಡಿರಿ. ತಪ್ಪು ಅಲ್ಲಿಯೇ ಸಿಗುತ್ತದೆ.